ಸಾಕಣ್ಣನ ಹೊಟ್ಟೆ

ನಮ್ಮವರು ಹೋದ ಮೇಲೆ ಮಾರುಕಟ್ಟೆಯವರೆಲ್ಲ ಸೇರಿ ಪ್ರೀತಿಯಿಂದ ಮಾಡಿದ ಒಂದು ಕೆಲಸ ಅವರ ತೊಟ್ಟಿಯನ್ನು ಕೊಲ್ಲಲು ಹೊರಟಿತು. ಪಕ್ಕದಲ್ಲೇ ನಿಂತು ನೋಡಿದವಳು ನಾನು. ಬೇರೆ ದಿನವಾಗಿದ್ದರೆ ಒಬ್ಬೊಬ್ಬರನ್ನೂ ಉಗಿದು ಉಪ್ಪಿನಕಾಯಿ ಹಾಕಿ ಗೇಟಿನಿಂದಲೇ ಅಟ್ಟುತ್ತಿದ್ದೆ. ಅವತ್ತು ನನ್ನ ಬಾಯಿಗೆ ಬೀಗ ಬಿದ್ದಿತ್ತು.

ತೊಟ್ಟಿ ಎಂದರೆ ಗ್ಯಾಸಿನ ತೊಟ್ಟಿ. ತರಕಾರಿ ಮಾರುಕಟ್ಟೆಯ ಹಿಂಭಾಗದಲ್ಲಿ, ಕೈಗಾಡಿ ನಿಲ್ಲಿಸುವ ಜಾಗಕ್ಕೂ ನನ್ನ ಊಟದ ಮನೆಗೂ ನಡುವೆ, ನೆಲದೊಳಗೆ ಬಾವಿಯ ಹಾಗೆ ಕಟ್ಟಿದ್ದು. ಅದರ ಮೇಲೆ ಕಬ್ಬಿಣದ ದೊಡ್ಡ ಡ್ರಮ್ಮನ್ನು ಬೋರಲು ಹಾಕಿದೆ. ಕೊಳೆತ ಸೊಪ್ಪು, ಹಣ್ಣಿನ ಸಿಪ್ಪೆ, ಉಳಿದ ಅನ್ನ, ಮೀನಂಗಡಿಯ ಕಸ, ಬೇಕರಿಯ ಒಣ ಬ್ರೆಡ್ಡು ಎಲ್ಲವನ್ನೂ ನೀರಲ್ಲಿ ಕಲಸಿ ಒಂದು ಬದಿಯಿಂದ ಸುರಿಯಬೇಕು. ಒಳಗಿರುವ ಬಗ್ಗಡದಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ, ಅವು ಅದನ್ನೆಲ್ಲ ತಿಂದು ಗ್ಯಾಸು ಬಿಡುತ್ತವೆ. ಗ್ಯಾಸು ತುಂಬಿದರೆ ಡ್ರಮ್ಮು ಮೇಲೆ ಏಳುತ್ತದೆ, ನನ್ನ ಒಲೆಗಳು ಉರಿದರೆ ಕೆಳಗೆ ಇಳಿಯುತ್ತದೆ. ಮಾರುಕಟ್ಟೆಯ ಹಮಾಲರು, ಗಾಡಿಯವರು, ಕಸ ಗುಡಿಸುವವರು ಎಲ್ಲರೂ ಮಧ್ಯಾಹ್ನ ಉಣ್ಣುವುದು ಆ ಉರಿಯಲ್ಲಿ ಬೆಂದದ್ದನ್ನೇ.

ನಮ್ಮವರು ಅದನ್ನು ತೊಟ್ಟಿ ಎನ್ನುತ್ತಿರಲಿಲ್ಲ, ಹೊಟ್ಟೆ ಎನ್ನುತ್ತಿದ್ದರು. "ಹೊಟ್ಟೆಗೆ ಇವತ್ತು ಹುಷಾರಿಲ್ಲ, ಕಿತ್ತಳೆ ಸಿಪ್ಪೆ ಬೇಡ" ಎಂದು ಹಣ್ಣಿನವನಿಗೆ ಹೇಳುವಾಗ, ಮನೆಯಲ್ಲಿ ಮಲಗಿರುವ ಮಗುವಿನ ಸುದ್ದಿ ಹೇಳಿದ ಹಾಗಿರುತ್ತಿತ್ತು. ಬೆಳಗ್ಗೆ ಬಕೆಟ್ಟುಗಳು ಸಾಲಾಗಿ ಬಂದು ನಿಂತರೆ, ಒಂದೊಂದನ್ನೂ ಮೂಸಿ ನೋಡಿ, ಕೈ ಹಾಕಿ ಕೆದಕಿ, ಪ್ಲಾಸ್ಟಿಕ್ಕು ಸಿಕ್ಕರೆ ತೆಗೆದು ತಂದವರ ಕೈಗೇ ಕೊಡುತ್ತಿದ್ದರು. ಆಮೇಲೆ ಡ್ರಮ್ಮಿಗೆ ಕಿವಿ ಇಟ್ಟು ಕೇಳುತ್ತಿದ್ದರು. ಏನು ಕೇಳಿಸುತ್ತಿತ್ತೋ, ನನಗಂತೂ ಇಟ್ಟಾಗಲೆಲ್ಲ ನನ್ನದೇ ಕಿವಿಯ ಗುಂಯ್ ಅನ್ನುವ ಸದ್ದು ಬಿಟ್ಟು ಬೇರೇನೂ ಕೇಳಿಸಿಲ್ಲ. ತಲೆ ಎತ್ತಿ, "ಇವತ್ತಿಗೆ ಸಾಕು" ಅಂದರೆ ಮುಗಿಯಿತು. ಸಾಲಿನಲ್ಲಿ ಉಳಿದ ಬಕೆಟ್ಟುಗಳು ವಾಪಸ್. ಯಾರು ಬೇಡಿಕೊಂಡರೂ, ಯಾರು ಮುನಿಸಿಕೊಂಡರೂ ಒಂದು ಸೌಟು ಹೆಚ್ಚಿಗೆ ಹಾಕುತ್ತಿರಲಿಲ್ಲ. ಅದಕ್ಕೇ ಮಾರುಕಟ್ಟೆಯಲ್ಲಿ ಅವರಿಗೆ ಸಾಕಣ್ಣ ಅಂತ ಹೆಸರು. ನನಗೆ ಗುಡುಗಕ್ಕ. ಯಾಕೆ ಅಂತ ಬೇರೆ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಅವರು ಮಣ್ಣಾದ ಮರುದಿನ ಬೆಳಗ್ಗೆ ನಾನು ಊಟದ ಮನೆಯ ಕದ ತೆರೆದಿರಲಿಲ್ಲ. ಒಳಗೆ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದೆ. ಮಗಳು ಬಂದು, "ಅಮ್ಮಾ, ಹೊರಗೆ ನೋಡು" ಎಂದಳು.

ಹೊರಗೆ ಇಡೀ ಮಾರುಕಟ್ಟೆ ನಿಂತಿತ್ತು. ಎಲ್ಲರ ಕೈಯಲ್ಲೂ ಬಕೆಟ್ಟು. ಕಸವಲ್ಲ ಸ್ವಾಮಿ, ಒಳ್ಳೆಯ ಮಾಲು. ಬೇಕರಿಯವನು ಅವತ್ತು ನಾದಿದ ಹಿಟ್ಟನ್ನೇ ಒಂದು ಬುಟ್ಟಿ ಹೊತ್ತು ತಂದಿದ್ದ. ಹಣ್ಣಿನವನು ಕಳಿತ ಬಾಳೆಹಣ್ಣಿನ ಗೊನೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದಿದ್ದ. ಹಾಲಿನವಳು ಕ್ಯಾನು ಎತ್ತಿಕೊಂಡು ನಿಂತಿದ್ದಳು. ಹೂವಿನವಳ ಕೈಯಲ್ಲಿ ಮಾರದೆ ಉಳಿದ ಹೂವಲ್ಲ, ಆಗ ತಾನೇ ಬಿಚ್ಚಿದ ಮೂಟೆ. ಎಲ್ಲರ ಕಣ್ಣೂ ಕೆಂಪಗಿತ್ತು.

ಬೇಕರಿಯವನು ಮುಂದೆ ಬಂದು ಹೇಳಿದ: "ಅಕ್ಕಾ, ಅಣ್ಣ ಇದ್ದಷ್ಟು ದಿನ ನನ್ನ ಬಕೆಟ್ಟು ಅರ್ಧ ವಾಪಸ್ ಕಳಿಸ್ತಿದ್ರು. ನಾನೂ ಬೈಕೊಂಡು ಹೋಗ್ತಿದ್ದೆ. ಇವತ್ತೊಂದಿನ ಬೇಡ ಅನ್ಬೇಡಿ. ಅಣ್ಣನ ಹೆಸರಲ್ಲಿ ಅದರ ಹೊಟ್ಟೆ ತುಂಬಿಸ್ತೀವಿ."

ನನಗೆ ಗೊತ್ತಿತ್ತು. ಇಷ್ಟು ವರ್ಷ ಅವರ ಜೊತೆ ಬಾಳಿ ಇಷ್ಟೂ ಗೊತ್ತಿಲ್ಲದೆ ಇರುತ್ತದೆಯೇ? ಹಿಟ್ಟು, ಹಣ್ಣು, ಹಾಲು ಒಟ್ಟಿಗೆ ಹೋದರೆ ಒಳಗೆ ಹುಳಿಯಾಗುತ್ತದೆ, ಹುಳಿಯಾದರೆ ಆ ಜೀವಗಳು ಸಾಯುತ್ತವೆ ಎಂದು ಅವರು ಊಟಕ್ಕೆ ಕೂತಾಗಲೂ ಪಾಠ ಹೇಳುತ್ತಿದ್ದರು. ಆದರೆ ಸತ್ತವರ ಹೆಸರು ಹೇಳಿಕೊಂಡು ಕಣ್ಣೀರಿಟ್ಟು ತಂದದ್ದನ್ನು ತಿರುಗಿಸುವುದು ಹೇಗೆ? ಬಾಯಿ ತೆರೆದರೆ ಅಳು ಬರುತ್ತದೆ ಎಂಬ ಹೆದರಿಕೆಯೂ ಇತ್ತು. ಮಗಳು ನನ್ನ ಸೆರಗು ಎಳೆದು, "ಅಮ್ಮಾ, ಬೈಯಮ್ಮ, ಯಾಕೆ ಸುಮ್ಮನಿದೀಯ?" ಎಂದು ಪಿಸುಗುಟ್ಟಿದಳು. ನಾನು ತಲೆಯಾಡಿಸಿ ಪಕ್ಕಕ್ಕೆ ಸರಿದೆ.

ಒಬ್ಬೊಬ್ಬರೇ ಬಂದು ಸುರಿದರು. ಹಿಟ್ಟು ಹೋಯಿತು, ಹಣ್ಣು ಹೋಯಿತು, ಹಾಲು ಹೋಯಿತು, ಹೂವೂ ಹೋಯಿತು. ತೊಟ್ಟಿಯ ಬಾಯಿ ತುಂಬಿ ಹೊರಗೆ ಬಂದದ್ದನ್ನು ಕೋಲಿನಿಂದ ಒಳಗೆ ತಳ್ಳಿದರು. ಸುರಿದವರೆಲ್ಲ ಡ್ರಮ್ಮನ್ನು ಮುಟ್ಟಿ ಹೋದರು.

ಮಾರನೆಯ ದಿನ ಡ್ರಮ್ಮು ಎಂದೂ ಏರದಷ್ಟು ಎತ್ತರಕ್ಕೆ ಏರಿತ್ತು. ಬದಿಯ ಕಂಬಿಗಳ ತುದಿಗೆ ತಾಗಿ ವಾಲಿಕೊಂಡಿತ್ತು. ಜನ ಓಡಿ ಬಂದು ನೋಡಿದರು. "ನೋಡಿದ್ಯಾ, ಸಾಕಣ್ಣ ಸುಮ್ನೆ ಉಪವಾಸ ಕೆಡವ್ತಿದ್ದ ಇದನ್ನ" ಎಂದು ಟೀ ಅಂಗಡಿಯವನು ನಗುತ್ತಲೇ ಕಣ್ಣು ಒರೆಸಿಕೊಂಡ. ನಾನೂ ಒಂದು ಗಳಿಗೆ ನಂಬಿದೆ. ಒಳಗೆ ಹೋಗಿ ಒಲೆಯ ಕೀಲಿ ತಿರುಗಿಸಿ ಕಡ್ಡಿ ಗೀರಿದೆ. ಗ್ಯಾಸು ಬುಸ್ ಎಂದು ಬಂದು ಕಡ್ಡಿಯನ್ನೇ ಆರಿಸಿತು. ಇನ್ನೊಂದು ಗೀರಿದೆ, ಅದೂ ಆರಿತು. ಡ್ರಮ್ಮಿನ ತುಂಬ ಗಾಳಿ, ಉರಿಯುವ ಗಾಳಿಯಲ್ಲ. ಕೊಳೆತ ಮೊಟ್ಟೆಯ ವಾಸನೆ ಮಾತ್ರ ಅಡುಗೆಮನೆ ತುಂಬ ಹರಡಿತು.

ಆಮೇಲೆ ಡ್ರಮ್ಮು ಇಳಿಯತೊಡಗಿತು. ಇಳಿದು ಇಳಿದು ಬಗ್ಗಡದ ಮೇಲೆ ಕೂತುಬಿಟ್ಟಿತು. ಹೊರಗೆ ಬರುವ ಬಗ್ಗಡ ಹುಳಿ ವಾಂತಿಯ ಹಾಗೆ ನಾರುತ್ತಿತ್ತು. ಊಟದ ಮನೆಗೆ ಸಿಲಿಂಡರು ತರಿಸಿ ಅಡುಗೆ ಮಾಡಿದೆ. ಹಮಾಲರು ಉಂಡರು. ನನಗೆ ಮಾತ್ರ ಆ ಸಿಲಿಂಡರಿನ ಉರಿಯನ್ನು ನೋಡಲಾಗುತ್ತಿರಲಿಲ್ಲ. ನನ್ನ ಗಂಡ ಆಸ್ಪತ್ರೆಯಲ್ಲಿದ್ದಾಗಲೂ ಆರದ ಒಲೆ ತೊಟ್ಟಿಯದು. ಅವರು ಹೋದ ದಿನವೂ ಅದರ ಮೇಲೆ ನೀರು ಕಾಯುತ್ತಿತ್ತು. ಅದು ಇರುವ ತನಕ ಅವರು ಪೂರ್ತಿ ಹೋಗಿಲ್ಲ ಎಂದು ಒಳಗೊಳಗೇ ನಂಬಿಕೊಂಡಿದ್ದೆನೆಂದು ಆರಿದ ಮೇಲೆ ಗೊತ್ತಾಯಿತು.

ಮಾರುಕಟ್ಟೆ ಸಮಿತಿಯ ಅಧ್ಯಕ್ಷರು ಬಂದರು. ಕೆಟ್ಟ ಮನುಷ್ಯರೇನಲ್ಲ, ನಮ್ಮವರ ಜೊತೆ ಕೂತು ಎಷ್ಟೋ ಸಲ ಟೀ ಕುಡಿದವರು. ಮೂಗಿಗೆ ಕರ್ಚೀಪು ಹಿಡಿದುಕೊಳ್ಳಲು ಸಂಕೋಚಪಟ್ಟು ಕೈಯಲ್ಲೇ ಮುದುರಿಕೊಂಡು ನಿಂತರು.

"ನೋಡಮ್ಮ, ವಾಸನೆಗೆ ಗಿರಾಕಿಗಳು ಆ ಕಡೆ ಬರ್ತಿಲ್ಲ. ಅಂಗಡಿಯವರೂ ಹೇಳ್ತಿದಾರೆ, ನಿಮ್ಮೆದುರು ಹೇಳಲ್ಲ ಅಷ್ಟೆ. ಸಾಕಣ್ಣ ಇದ್ದಿದ್ರೆ ಮಾತೇ ಬೇರೆ. ಈ ತಿಂಗಳು ನೋಡೋಣ. ಸರಿ ಹೋಗ್ಲಿಲ್ಲ ಅಂದ್ರೆ ಮಣ್ಣು ಹಾಕಿ ಮುಚ್ಚಿಸಿಬಿಡೋಣ. ಗಾಡಿ ನಿಲ್ಲಿಸೋಕೆ ಜಾಗ ಆಗುತ್ತೆ."

"ಅವರನ್ನ ಮಣ್ಣಿಗೆ ಹಾಕಿ ಇನ್ನೂ ಕೈ ತೊಳ್ಕೊಂಡಿಲ್ಲ, ಇದನ್ನೂ ಹಾಕ್ತೀರಾ?" ಎಂದೆ. ಅಧ್ಯಕ್ಷರು ತಲೆ ತಗ್ಗಿಸಿಕೊಂಡು ಹೋದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದಕ್ಕೇ ನನಗೆ ಅಷ್ಟು ಉರಿದದ್ದು.

ನನಗೆ ತಿಳಿದದ್ದನ್ನೆಲ್ಲ ಮಾಡಿದೆ. ತಿನ್ನಿಸುವುದನ್ನು ನಿಲ್ಲಿಸಿದೆ. ಸುಣ್ಣದ ತಿಳಿ ಸ್ವಲ್ಪ ಸ್ವಲ್ಪವೇ ಹಾಕಿ ಕೋಲಿನಲ್ಲಿ ತಿರುವಿದೆ. ವಾಸನೆಯ ಹುಳಿ ಸ್ವಲ್ಪ ಇಳಿಯಿತು, ಡ್ರಮ್ಮು ಮಾತ್ರ ಏಳಲಿಲ್ಲ. ಒಳಗಿನ ಜೀವಗಳೇ ಸತ್ತಿದ್ದರೆ ಸುಣ್ಣ ಹಾಕಿ ಏನು ಬಂತು? ಹೊಸದಾಗಿ ಜೀವ ತಂದು ಬಿಡಬೇಕು. ಹಾಲು ಹೆಪ್ಪಾಗಲು ಮೊಸರೇ ಬೇಕಲ್ಲ, ಹಾಗೆ. ಬರೀ ಸಗಣಿ ತಂದು ಸುರಿದರೆ ಅದು ಕುದುರಿಕೊಳ್ಳಲು ತಿಂಗಳುಗಳೇ ಬೇಕು. ನಮ್ಮ ತೊಟ್ಟಿಯ ಹಾಗೆ ಸೊಪ್ಪು, ಅನ್ನ, ಮೀನು, ಬ್ರೆಡ್ಡು ಎಲ್ಲವನ್ನೂ ತಿಂದು ಅರಗಿಸಿಕೊಂಡು ಬೆಳೆದ ಬಗ್ಗಡ ಬೇಕು. ಅಂಥದ್ದು ಈ ಊರಲ್ಲಿ ಇನ್ನೊಂದೇ ಕಡೆ ಇತ್ತು.

"ಚಿಕ್ಕಪ್ಪನ ಹತ್ರ ಹೋಗೋಣ" ಎಂದಳು ಮಗಳು.

"ಆ ಕಳ್ಳನ ಹೆಸರೆತ್ತಿದ್ರೆ ನೋಡು!"

"ಸರಿ, ಎತ್ತಲ್ಲ. ನೀನು ಸುಣ್ಣ ತಿರುವ್ತಾ ಇರು" ಎಂದು ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತಳು. ನನ್ನ ನಾಲಿಗೆ ಅವಳಿಗೂ ಬಂದಿದೆ.

ಕಳ್ಳ ಎಂದದ್ದು ನನ್ನ ಮೈದುನನನ್ನು. ತೊಟ್ಟಿ ಕಟ್ಟಿದವರು ಅಣ್ಣ ತಮ್ಮ ಇಬ್ಬರೂ. ಗುಂಡಿ ತೋಡಿದ್ದು, ಇಟ್ಟಿಗೆ ಹೊತ್ತದ್ದು, ಮೊದಲ ಉರಿ ಕಂಡಾಗ ಒಬ್ಬರನ್ನೊಬ್ಬರು ಎತ್ತಿ ಕುಣಿದದ್ದು ಎಲ್ಲ ಜೊತೆಯಲ್ಲೇ. ಆಮೇಲೆ ಒಂದು ದಿನ ಅಣ್ಣ ಇಲ್ಲದಾಗ ಮೈದುನ ಕರಿದ ಎಣ್ಣೆಯ ಡಬ್ಬಗಳನ್ನು ತಂದು ಸುರಿದುಬಿಟ್ಟ. ಹೆಚ್ಚು ಗ್ಯಾಸು ಬರುತ್ತದೆ ಎಂಬ ಆಸೆ. ಎಣ್ಣೆ ಮೇಲೆ ತೇಲಿ ಗಟ್ಟಿಯಾಗಿ, ಕೊಳವೆ ಕಟ್ಟಿಕೊಂಡು ಊಟದ ಮನೆ ವಾರಗಟ್ಟಲೆ ಬಾಗಿಲು ಹಾಕಿತು. ನಮ್ಮವರು ಮಾರುಕಟ್ಟೆಯ ನಡುವೆ ನಿಂತು ಕೂಗಿದರು: "ಹೋಗು, ಎಲ್ಲಾದ್ರೂ ಹೋಗಿ ನಿನ್ನದೇ ಕಟ್ಕೋ. ನನ್ನ ಹೊಟ್ಟೆಯಿಂದ ಒಂದು ಲೋಟ ಬಗ್ಗಡ ಕೂಡ ಕೊಡಲ್ಲ, ಇವರೆಲ್ಲರ ಮುಂದೆ ಹೇಳ್ತಿದೀನಿ!" ಜೋರು ದನಿ ಎತ್ತದ ಮನುಷ್ಯ ಎತ್ತಿದ್ದು ಅದೊಂದೇ ಸಲ.

ಮೈದುನ ಹೋದ. ಹೋಗುವಾಗ ಅವನ ಗಾಡಿಯಲ್ಲಿ ಗೋಣಿ ಮುಚ್ಚಿದ ಪೀಪಾಯಿಗಳಿದ್ದದ್ದನ್ನು ಟೀ ಅಂಗಡಿಯವನು ನೋಡಿದ್ದ. "ಏನಣ್ಣಾ, ತಮ್ಮ ಬಗ್ಗಡ ಕದ್ಕೊಂಡು ಹೋದನಾ?" ಎಂದು ಎಲ್ಲರೆದುರು ಕೇಳಿದ. ನಮ್ಮವರು ಬಕೆಟ್ಟು ತೊಳೆಯುತ್ತಿದ್ದರು. ತಲೆ ಎತ್ತದೆ "ಹೂಂ" ಎಂದರು. ಅವತ್ತಿನಿಂದ ಮೈದುನ ಮಾರುಕಟ್ಟೆಗೆಲ್ಲ ಕಳ್ಳ. ಒಡಹುಟ್ಟಿದವನ ಮನೆಯಲ್ಲೇ ಕದ್ದವನು. ಸೇತುವೆಯಾಚೆ, ಹಾಲಿನ ಡೇರಿಯ ಹಿಂದೆ ಅವನು ತನ್ನ ತೊಟ್ಟಿ ಕಟ್ಟಿದ. ಅಣ್ಣನನ್ನು ಮಣ್ಣಿಗೆ ಇಡುವ ದಿನ ಬಂದಿದ್ದ, ಗೇಟಿನ ಹೊರಗೆ ಲೈಟುಕಂಬಕ್ಕೆ ಒರಗಿ ನಿಂತಿದ್ದ. ನಾನು ಮುಖ ತಿರುಗಿಸಿದೆ. ಹೆಣದ ಹಿಂದೆ ದೂರದಲ್ಲಿ ನಡೆದು ಬಂದು, ಹಾಗೇ ದೂರದಿಂದಲೇ ಹೋದ.

ಸುಣ್ಣ ತಿರುವಿ ತಿರುವಿ ತೋಳು ಬಿದ್ದುಹೋದ ಮೇಲೆ ಒಂದು ಮಧ್ಯಾಹ್ನ ಸೇತುವೆ ದಾಟಿದೆ. ಮಾನ ಮರ್ಯಾದೆ ಎಲ್ಲ ಸೇತುವೆಯ ಈಚೆಗೆ ಬಿಟ್ಟು ಹೋದೆ ಅನ್ನಿ.

ವಾರಗಿತ್ತಿ ಬಾಗಿಲಲ್ಲಿ ನನ್ನನ್ನು ಕಂಡು ಕೈಯಲ್ಲಿದ್ದ ಚೊಂಬು ಬಿಟ್ಟಳು. "ಬನ್ನಿ ಅಕ್ಕ" ಎನ್ನುವುದೋ ಬೇಡವೋ ತಿಳಿಯದೆ ಒಳಗೆ ಹೋಗಿ ಗಂಡನನ್ನು ಕಳಿಸಿದಳು. ಮೈದುನನ ತಲೆ ಪೂರ್ತಿ ನರೆತಿತ್ತು. ನಿಲ್ಲುವ ಭಂಗಿ ಅಣ್ಣನದೇ, ಒಂದು ಭುಜ ಇಳಿಬಿಟ್ಟುಕೊಂಡು. ಅದನ್ನು ನೋಡಿ ನನಗೆ ಹೇಳಬೇಕೆಂದು ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

"ಹೊಟ್ಟೆ ಹುಳಿಯಾಗಿದೆ" ಎಂದೆ. ಅಷ್ಟೇ ಬಂತು.

ಅವನು ಏನೂ ಕೇಳಲಿಲ್ಲ. ಎಷ್ಟು ಹಾಕಿದಿರಿ, ಯಾರು ಹಾಕಿದರು ಎಂದೂ ಕೇಳಲಿಲ್ಲ. "ಬನ್ನಿ ಅತ್ತಿಗೆ" ಎಂದು ಹಿತ್ತಲಿಗೆ ಕರೆದುಕೊಂಡು ಹೋದ. ಅಲ್ಲಿ ತೊಟ್ಟಿ. ನಮ್ಮದಕ್ಕಿಂತ ಚಿಕ್ಕದು. ಡ್ರಮ್ಮು ಅರ್ಧ ಎತ್ತರದಲ್ಲಿ ಸಮವಾಗಿ ನಿಂತಿತ್ತು. ಸುತ್ತ ಒಂದು ಸಿಪ್ಪೆ ಬಿದ್ದಿರಲಿಲ್ಲ. ಬಗ್ಗಡ ಹೊರಗೆ ಬರುವ ಕಡೆ ಬಗ್ಗಿ ಮೂಸಿದೆ. ಮಳೆ ಬಿದ್ದ ಮಣ್ಣಿನ ವಾಸನೆ, ಹುಳಿಯ ಸುಳಿವೇ ಇಲ್ಲ. ನಮ್ಮ ತೊಟ್ಟಿ ಚೆನ್ನಾಗಿದ್ದಾಗಿನ ವಾಸನೆ ಅದೇ. ಅಲ್ಲೇ ಕಟ್ಟೆಯ ಮೇಲೆ ಕೂತೆ.

"ಇದು ನಮ್ಮದೇ ಬಗ್ಗಡ" ಎಂದೆ. "ನೀನು ಕದ್ದದ್ದು."

ಮೈದುನ ಪೀಪಾಯಿ ತೊಳೆಯುತ್ತಿದ್ದವನು ಕೈ ನಿಲ್ಲಿಸಿದ. ವಾರಗಿತ್ತಿ ಇನ್ನು ತಡೆಯಲಿಲ್ಲ. "ಕದ್ದದ್ದಲ್ಲ ಅಕ್ಕ! ಇಷ್ಟು ವರ್ಷ ಕೇಳಿ ಕೇಳಿ ನನ್ನ ಕಿವಿ ಸತ್ತುಹೋಗಿದೆ. ನೀವಾದ್ರೂ ಬಾಯಿ ಬಿಡ್ರೀ" ಎಂದು ಗಂಡನ ಮೇಲೆ ಹರಿಹಾಯ್ದಳು.

"ನೀನು ಸುಮ್ನಿರೇ."

"ಯಾಕೆ ಸುಮ್ನಿರ್ಬೇಕು? ಭಾವ ಹೋದ್ರು. ಇನ್ಯಾರ ಮಾತು ಉಳಿಸ್ಬೇಕಾಗಿದೆ?"

ಆಮೇಲೆ ಅವನು ಹೇಳಿದ, ನನ್ನ ಮುಖ ನೋಡದೆ. ಜಗಳವಾದ ಮರುದಿನ ಮುಂಜಾನೆ, ಮಾರುಕಟ್ಟೆ ತೆರೆಯುವ ಮುಂಚೆ, ಅಣ್ಣನೇ ಬಂದು ಎಬ್ಬಿಸಿದರಂತೆ. ಪೀಪಾಯಿಗಳಿಗೆ ತಾವೇ ಬಗ್ಗಡ ತುಂಬಿ, ತಾವೇ ಗಾಡಿಗೆ ಏರಿಸಿ, ಗೋಣಿ ಮುಚ್ಚಿದರಂತೆ.

"ಏನಂದ್ರು?" ಎಂದೆ.

"'ಒಂದೇ ಕಡೆ ಇದ್ರೆ ಒಂದಿನ ಕೆಟ್ಟುಹೋಗುತ್ತೆ ಕಣೋ. ಎರಡು ಕಡೆ ಇರ್ಲಿ. ನನ್ನದು ಸತ್ರೆ ನಿನ್ನ ಹತ್ರ ಬರ್ತೀನಿ' ಅಂದ್ರು." ಅವನ ದನಿ ಒಡೆಯಿತು. "ಬರ್ತೀನಿ ಅಂದಿದ್ರು ಅತ್ತಿಗೆ. ನಾನು ಕಾಯ್ತಾ ಇದ್ದೆ."

"ಮತ್ತೆ ಆ ಹೂಂ?"

"ಹಿಂದಿನ ದಿನ ತಾನೇ ಊರೆದುರು ಕೊಡಲ್ಲ ಅಂದಿದ್ರು. ಮರುದಿನ ಕೊಟ್ಟೆ ಅನ್ನೋಕೆ ನಾಲಿಗೆ ಬರ್ಲಿಲ್ಲ ಅನ್ಸುತ್ತೆ. ಆಮೇಲೆ ಸೇತುವೆ ಹತ್ರ ಸಿಕ್ಕು, 'ತಪ್ಪಾಯ್ತು, ಹೇಳಿಬಿಡ್ತೀನಿ' ಅಂದ್ರು. ನಾನೇ ಬೇಡ ಅಂದೆ. ಬೆಳಗ್ಗೆ ಬಕೆಟ್ಟು ವಾಪಸ್ ಕಳಿಸೋನ ಮಾತು ಗಟ್ಟಿ ಇರ್ಬೇಕು, ಇಲ್ಲಾಂದ್ರೆ ಯಾರು ಕೇಳ್ತಾರೆ? ಅಣ್ಣನ ಮಾತು ನಿಲ್ಲಲಿ ಅಂತ ಸುಮ್ಮನಿದ್ದೆ."

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತೀರಿ? ಸತ್ತವರ ಮೇಲೆ. ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಹಾಸಿಗೆಯಲ್ಲಿ ಮಲಗಿ, ಇಷ್ಟು ವರ್ಷ ನನ್ನ ಹತ್ತಿರವೂ ಮುಚ್ಚಿಟ್ಟರಲ್ಲ! ನಾನು ಮೈದುನನನ್ನು ಕಳ್ಳ ಎಂದು ಬೈದಾಗಲೆಲ್ಲ ಅವರು ಎದ್ದು ಹೋಗಿ ಡ್ರಮ್ಮಿಗೆ ಕಿವಿ ಇಟ್ಟು ನಿಲ್ಲುತ್ತಿದ್ದರು. ಹೊಟ್ಟೆಯ ಸದ್ದು ಕೇಳುತ್ತಿದ್ದಾರೆ ಅಂದುಕೊಂಡಿದ್ದೆ ನಾನು ದಡ್ಡಿ. ಡೇರಿಯ ಹಿತ್ತಲಲ್ಲಿ ಕೂತು ಬಾಯಿಗೆ ಬಂದ ಹಾಗೆ ಬೈದೆ ಅವರನ್ನು. "ನಿಮ್ಮ ಹೂಂಗೆ ಬೆಂಕಿ ಬೀಳ! ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಬೈಯುತ್ತ ಬೈಯುತ್ತ ಅಳು ಬಂತು. ಅವರು ಹೋದ ಮೇಲೆ ಬಾಯಿಬಿಟ್ಟು ಅತ್ತದ್ದು ಅದೇ ಮೊದಲು. ವಾರಗಿತ್ತಿ ಬಂದು ಪಕ್ಕದಲ್ಲಿ ಕೂತು ನನ್ನ ಬೆನ್ನ ಮೇಲೆ ಕೈ ಇಟ್ಟಳು.

ಪೀಪಾಯಿಗಳು ತುಂಬಿದವು. ಮೈದುನ ಗಾಡಿ ತಳ್ಳಿಕೊಂಡು ನನ್ನ ಜೊತೆ ಸೇತುವೆ ದಾಟಿದ. ಮಾರುಕಟ್ಟೆಯ ಗೇಟಿನ ಹತ್ತಿರ, ಆ ಲೈಟುಕಂಬದ ಬುಡದಲ್ಲಿ ನಿಂತುಬಿಟ್ಟ.

"ಒಳಗೆ ಬಾ" ಎಂದೆ.

"ಬೇಡ ಅತ್ತಿಗೆ. ಇಲ್ಲಿಂದ ಹಮಾಲರ ಹತ್ರ ಹೊರಿಸ್ಕೊಂಡು ಹೋಗಿ. ಮೊದಲು ಹಳೇ ಬಗ್ಗಡ ಅರ್ಧದಷ್ಟು ತೆಗೀರಿ. ಇದನ್ನ ನಿಧಾನಕ್ಕೆ ಬಿಡಿ. ಒಂದು ವಾರ ಏನೂ ತಿನ್ನಿಸ್ಬೇಡಿ, ಯಾರು ಏನೇ ತಂದ್ರೂ."

ಟೀ ಅಂಗಡಿಯವನು ಅವನನ್ನು ನೋಡಿದ. ನೋಡಿ, ಹೊರಗೆ ಒಣಗಲು ಇಟ್ಟಿದ್ದ ಲೋಟಗಳನ್ನು ಒಂದೊಂದಾಗಿ ಒಳಗೆ ತೆಗೆದಿಟ್ಟ. ಮೈದುನ ಅದನ್ನು ಕಂಡೂ ಕಾಣದವನ ಹಾಗೆ ಗಾಡಿಯ ಹಗ್ಗ ಬಿಚ್ಚುತ್ತಿದ್ದ. ಆದರೂ ಆಗ ನಾನು ಏನೂ ಹೇಳಲಿಲ್ಲ. ಹೇಳಿದರೆ ನಮ್ಮವರು ಎಲ್ಲರೆದುರು ಸುಳ್ಳುಗಾರರಾಗುತ್ತಾರೆ. ಅವರ ಹೆಸರಲ್ಲಿ ಅತ್ತುಕೊಂಡು ಬಕೆಟ್ಟು ತಂದ ಇದೇ ಜನರೆದುರು. ಮಣ್ಣು ಇನ್ನೂ ಒಣಗಿರಲಿಲ್ಲ. ಹೇಗೆ ಹೇಳಲಿ?

ಮೈದುನ ಹೇಳಿದ ಹಾಗೇ ಮಾಡಿದೆವು. ಅವನು ಆಗಾಗ ಒಂದು ಪೀಪಾಯಿ ಹೊಸ ಬಗ್ಗಡ ತಂದು ಗೇಟಿನಲ್ಲಿ ಕೊಟ್ಟು, ನಮ್ಮ ತೊಟ್ಟಿಯ ಬಗ್ಗಡವನ್ನು ಒಂದು ಬಾಟಲಿಯಲ್ಲಿ ತರಿಸಿ ಮೂಸಿ ನೋಡಿ, "ಹುಳಿ ಇಳೀತಿದೆ" ಎಂದು ಹೇಳಿ ಹೋಗುತ್ತಿದ್ದ. ಒಂದು ಸಲವೂ ಗೇಟು ದಾಟಲಿಲ್ಲ. ಬೇಕರಿಯವನು ಬಕೆಟ್ಟು ಹಿಡಿದು ಬಂದರೆ ಮಗಳು ಅಡ್ಡ ನಿಂತು ಕಳಿಸುತ್ತಿದ್ದಳು. ನಾನು ಬೆಳಗ್ಗೆ ಎದ್ದು ಡ್ರಮ್ಮಿಗೆ ಕಿವಿ ಇಡುವುದನ್ನು ಅಭ್ಯಾಸ ಮಾಡಿಕೊಂಡೆ. ಮೊದಲ ದಿನಗಳಲ್ಲಿ ಏನೂ ಇಲ್ಲ. ಆಮೇಲೆ ಒಂದು ಬೆಳಗ್ಗೆ ಒಳಗಿನಿಂದ ಒಂದು ಸದ್ದು ಬಂತು, ನೀರಿನಲ್ಲಿ ಗುಳ್ಳೆ ಒಡೆದ ಹಾಗೆ. ಇನ್ನೊಂದು. ಓಹೋ, ನಮ್ಮವರು ಕೇಳುತ್ತಿದ್ದದ್ದು ಇದು. ಕಬ್ಬಿಣಕ್ಕೆ ಕೆನ್ನೆ ಒತ್ತಿಕೊಂಡು ಬಹಳ ಹೊತ್ತು ನಿಂತೆ.

ಡ್ರಮ್ಮು ಒಂದು ಗೇಣು ಎದ್ದಿತು. ಮೊದಲು ತುಂಬಿದ ಉರಿಯದ ಗಾಳಿಯನ್ನು ಹೊರಗೆ ಬಿಟ್ಟು, ಮತ್ತೆ ಏಳುವವರೆಗೆ ಕಾದೆವು. ತಿಂಗಳು ಮುಗಿಯುತ್ತ ಬಂದಿತ್ತು. ಅಧ್ಯಕ್ಷರು ಬಂದರು, ಅವರ ಹಿಂದೆ ಬೇಕರಿಯವನು, ಹಣ್ಣಿನವನು, ಹಾಲಿನವಳು, ಟೀ ಅಂಗಡಿಯವನು, ಊಟಕ್ಕೆ ಬಂದ ಹಮಾಲರು. ಊಟದ ಮನೆಯ ಕಿಟಕಿಯಲ್ಲೆಲ್ಲ ತಲೆಗಳು. ನಾನು ಕೀಲಿ ತಿರುಗಿಸಿದೆ. ಕಡ್ಡಿಯನ್ನು ಮಗಳು ಗೀರಿದಳು.

ಬುಗ್ ಎಂದು ಹತ್ತಿಕೊಂಡಿತು. ಮೊದಲು ಹಳದಿ, ಆಮೇಲೆ ಸುತ್ತಲೂ ನೀಲಿ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೂವಿನವಳು ಬಾಯಿಗೆ ಸೆರಗು ಒತ್ತಿಕೊಂಡಳು. ಅಧ್ಯಕ್ಷರು ಚಪ್ಪಲಿ ಬಿಟ್ಟು ನಿಂತಿದ್ದರು, ಯಾಕೆ ಬಿಟ್ಟರೋ ಅವರಿಗೇ ಗೊತ್ತಿರಲಿಲ್ಲ. ಟೀ ಅಂಗಡಿಯವನು ಗದ್ಗದಿತನಾಗಿ ಹೇಳಿದ: "ಸಾಕಣ್ಣ ದೊಡ್ಡ ಮನುಷ್ಯ ಕಣಮ್ಮ. ಸತ್ತ ಮೇಲೂ ತನ್ನ ಮಾತು ಬಿಡಲಿಲ್ಲ, ತನ್ನ ಒಲೆ ಬಿಡಲಿಲ್ಲ. ಆ ಕಳ್ಳ ತಮ್ಮ ಕದ್ದದ್ದನ್ನ ಕೂಡ ವಾಪಸ್ ತರಿಸ್ಕೊಂಡ ನೋಡಿ."

ಎಲ್ಲರೂ ಹೌದು ಹೌದೆಂದರು. ನಾನು ಉರಿ ನೋಡುತ್ತಿದ್ದೆ. ಒಂದು ಸಲ ಸುಮ್ಮನಿದ್ದುದಕ್ಕೆ ಏನಾಯಿತೆಂದು ಈ ತೊಟ್ಟಿ ನನಗೆ ಕಲಿಸಿತ್ತು. ಇನ್ನೊಂದು ಸಲ ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ಯಾರು ಕಳ್ಳ?" ಎಂದೆ. ನನ್ನ ಹಳೆಯ ದನಿ, ಗುಡುಗಿದ್ದು ನನಗೇ ಕೇಳಿಸಿತು. "ಬಾಯಿ ಮುಚ್ಚಿ ಕೇಳಿ ಎಲ್ರೂ. ಅವನು ಕದ್ದಿಲ್ಲ. ನಮ್ಮವರೇ ಕೊಟ್ಟದ್ದು. ಅವರ ಕೈಯಾರೆ ತುಂಬಿ, ಅವರ ಕೈಯಾರೆ ಗಾಡಿಗೆ ಏರಿಸಿ ಕೊಟ್ಟದ್ದು. ನೀನು ಕೇಳಿದಾಗ ಹೂಂ ಅಂದ್ರಲ್ಲ, ಅದು ಸುಳ್ಳು. ನನ್ನ ಗಂಡ ಹೇಳಿದ ಸುಳ್ಳು. ಬಾಯಿಂದ ಜಾರಿದ ಒಂದು ಮಾತನ್ನ ವಾಪಸ್ ತಗೊಳ್ಳೋಕೆ ನಾಚ್ಕೊಂಡ್ರು. ಅಷ್ಟಕ್ಕೆ ತಮ್ಮ ಇಷ್ಟು ವರ್ಷ ಆ ಗೇಟಿನಾಚೆ ನಿಂತ. ಅಣ್ಣನ ಹೆಣದ ಹಿಂದೆ ಕೂಡ ದೂರದಲ್ಲಿ ನಡೆದ."

ಟೀ ಅಂಗಡಿಯವನ ಮುಖ ಬಿಳಿಚಿಕೊಂಡಿತ್ತು. ಯಾರೋ, "ಸತ್ತವರ ಬಗ್ಗೆ ಹೀಗೆ..." ಎಂದರು. ನಾನು ತಿರುಗಿ ನೋಡಿದ ಮೇಲೆ ಮಾತು ಅಲ್ಲಿಗೇ ನಿಂತಿತು.

ಹೊರಗೆ ಬಂದು ಮಾರುಕಟ್ಟೆ ಉದ್ದಕ್ಕೂ ನಡೆದೆ. ಮೈದುನ ಅವತ್ತೂ ಬಂದಿದ್ದ. ಲೈಟುಕಂಬಕ್ಕೆ ಒರಗಿ, ಒಂದು ಭುಜ ಇಳಿಬಿಟ್ಟು, ಪೀಪಾಯಿಯ ಮೇಲೆ ಕೈ ಇಟ್ಟು ನಿಂತಿದ್ದ. ನನ್ನ ಕೂಗು ಅಲ್ಲಿಯವರೆಗೂ ಕೇಳಿಸಿತ್ತು. ಕೇಳಿಸದೆ ಇರುತ್ತದೆಯೇ?

"ಯಾಕೆ ಹೇಳಿದ್ರಿ ಅತ್ತಿಗೆ?" ಅವನ ಕಣ್ಣು ತುಂಬಿತ್ತು. "ಅಣ್ಣನ ಮರ್ಯಾದೆ ಹೋಯ್ತಲ್ಲ."

"ಹೋಗ್ಲಿ ಬಿಡು. ಅವರಿಗಿನ್ನು ಅದರಿಂದ ಏನಾಗ್ಬೇಕಾಗಿದೆ? ಬದುಕಿರೋನು ನೀನು" ಎಂದೆ. "ಅವರು ನಿನ್ನ ಹತ್ರ ಬರ್ತೀನಿ ಅಂದಿದ್ರಂತಲ್ಲ, ಬರ್ಲಿಲ್ಲ. ನಾನು ಕರೆಯೋಕೆ ಬಂದಿದೀನಿ. ಒಲೆ ಹತ್ತಿದೆ, ನಡಿ, ಟೀ ಕಾಯಿಸ್ತೀನಿ."

ಅವನು ಗೇಟಿನ ಹತ್ತಿರ ಒಂದು ಗಳಿಗೆ ನಿಂತ. ಆಮೇಲೆ ಚಪ್ಪಲಿ ಸರಿಮಾಡಿಕೊಂಡು ಒಳಗೆ ಬಂದ. ದಾರಿಯಲ್ಲಿ ಎಲ್ಲರೂ ಬದಿಗೆ ಸರಿದು ದಾರಿ ಬಿಟ್ಟರು. ಟೀ ಅಂಗಡಿಯವನು ಅಂಗಡಿಗೆ ಓಡಿ ಒಂದು ಲೋಟ ತೊಳೆದು ತಂದು ನನ್ನ ಕೈಗೆ ಕೊಟ್ಟ. ಮೈದುನ ಊಟದ ಮನೆಗೆ ಬರಲಿಲ್ಲ. ನೇರ ತೊಟ್ಟಿಯ ಹತ್ತಿರ ಹೋಗಿ, ಅಣ್ಣ ಕೆನ್ನೆ ಒತ್ತಿ ಒತ್ತಿ ಬಣ್ಣ ಹೋಗಿದ್ದ ಜಾಗ ಹುಡುಕಿ, ಅಲ್ಲೇ ಕಿವಿ ಇಟ್ಟ.

ಅಷ್ಟರಲ್ಲಿ ಬೇಕರಿಯವನು ಎಲ್ಲಿಂದಲೋ ಬಕೆಟ್ಟು ತಂದು ಕಾಯುತ್ತಿದ್ದ. "ಅಕ್ಕಾ, ಇವತ್ತಾದ್ರೂ ಹಾಕ್ಲಾ? ಸಾಕಣ್ಣನ ಹೆಸರಲ್ಲಿ."

ನಾನು ಬಗ್ಗಿ ಮೂಸಿ, ಕೈ ಹಾಕಿ ಕೆದಕಿ ನೋಡಿದೆ. ಒಂದು ಹಿಡಿ ಬ್ರೆಡ್ಡು ತೆಗೆದುಕೊಂಡು ಬಕೆಟ್ಟನ್ನು ಅವನ ಕೈಗೆ ವಾಪಸ್ ಕೊಟ್ಟೆ.

"ಇವತ್ತಿಗೆ ಸಾಕು" ಎಂದೆ.